ಎಂಬತ್ತರಲ್ಲಿ ರಂಗಕ್ಕೆ ಮರಳಿದಾಕೆ

"ನಮ್ಮದೇನಿದೆ, ವಯಸ್ಸಾಯಿತಲ್ಲ?" ಈ ಮಾತನ್ನು ನೀವು ಎಷ್ಟು ಸಲ ಕೇಳಿಲ್ಲ? ಐವತ್ತು ದಾಟಿದ ಹೆಣ್ಣಿಗೆ ಇನ್ನೇನು ಎಂದು ಮನೆಯವರು ಹೇಳದಿದ್ದರೂ ಆಕೆಯೇ ಹೇಳಿಕೊಳ್ಳುತ್ತಾಳೆ. ಅಂಥವರಿಗಾಗಿ ಬ್ರಿಟನ್ನಿನ ನಟಿ ಗ್ಲೆಂಡಾ ಜ್ಯಾಕ್ಸನ್‌ರ ಬದುಕನ್ನು ಇಲ್ಲಿ ನೆನಪಿಸುತ್ತಿದ್ದೇನೆ.

ಗ್ಲೆಂಡಾ 1936ರಲ್ಲಿ ಇಂಗ್ಲೆಂಡಿನ ಬರ್ಕನ್‌ಹೆಡ್‌ನಲ್ಲಿ ಹುಟ್ಟಿದರು. ತಂದೆ ಕಟ್ಟಡ ಕೆಲಸದವರು. ತಾಯಿ ಅಂಗಡಿಯಲ್ಲಿ ದುಡಿದರು, ಪರರ ಮನೆಗಳನ್ನೂ ಶುಚಿಗೊಳಿಸಿದರು. ನಾಲ್ವರು ಹೆಣ್ಣುಮಕ್ಕಳಲ್ಲಿ ಗ್ಲೆಂಡಾ ಹಿರಿಯಳು. ಹದಿಹರೆಯದಲ್ಲೇ ಶಾಲೆ ಬಿಟ್ಟು ಎರಡು ವರ್ಷ ಔಷಧದಂಗಡಿಯಲ್ಲಿ ಕೆಲಸ ಮಾಡಿದರು. ಹವ್ಯಾಸಿ ನಾಟಕ ತಂಡವೊಂದರಲ್ಲಿ ಅಭಿನಯದ ರುಚಿ ಹತ್ತಿತು. 1954ರಲ್ಲಿ ವಿದ್ಯಾರ್ಥಿವೇತನ ಪಡೆದು ಲಂಡನ್ನಿನ ರಾಡಾ ನಾಟಕ ಶಾಲೆ ಸೇರಿದರು. ಕಲಿತು ಹೊರಬಂದ ಮೇಲೂ ಹಲವು ವರ್ಷ ಅವಕಾಶಗಳು ಅಷ್ಟಕ್ಕಷ್ಟೆ. 1960ರ ದಶಕದಲ್ಲಿ ರಾಯಲ್ ಷೇಕ್ಸ್‌ಪಿಯರ್ ಕಂಪೆನಿ ಸೇರಿದ ಬಳಿಕ ಹೆಸರು ಬಂತು. 'ವಿಮೆನ್ ಇನ್ ಲವ್' ಮತ್ತು 'ಎ ಟಚ್ ಆಫ್ ಕ್ಲಾಸ್' ಚಿತ್ರಗಳು ಎರಡು ಆಸ್ಕರ್ ತಂದುಕೊಟ್ಟವು. ಎರಡು ಬಾರಿಯೂ ಅವರು ಪ್ರಶಸ್ತಿ ಸಮಾರಂಭಕ್ಕೆ ಹೋಗಲಿಲ್ಲ!

1992ರಲ್ಲಿ ಅಭಿನಯವನ್ನೇ ಬದಿಗಿಟ್ಟು ಲೇಬರ್ ಪಕ್ಷದಿಂದ ಸಂಸತ್ತಿಗೆ ಆಯ್ಕೆಯಾದರು. ಆಗ ವಯಸ್ಸು 55. 1997ರಿಂದ ಎರಡು ವರ್ಷ ಸಾರಿಗೆ ಖಾತೆಯ ಕಿರಿಯ ಸಚಿವೆಯಾಗಿದ್ದರು. 2003ರಲ್ಲಿ ಇರಾಕಿನ ಮೇಲಿನ ಯುದ್ಧವನ್ನು ತಮ್ಮದೇ ಪಕ್ಷದ ಸರಕಾರದ ವಿರುದ್ಧ ನಿಂತು ಬಹಿರಂಗವಾಗಿ ವಿರೋಧಿಸಿದರು. ಅಧಿಕಾರದಲ್ಲಿದ್ದವರಿಗೆ ಹಿತವಾಗುವ ಮಾತನ್ನಾಡುವುದು ಅವರ ಜಾಯಮಾನವಾಗಿರಲಿಲ್ಲ.

2015ರಲ್ಲಿ ಸಂಸತ್ತು ಬಿಟ್ಟಾಗ ಅವರಿಗೆ ಎಂಬತ್ತು ಸಮೀಪಿಸಿತ್ತು. ಇನ್ನು ವಿಶ್ರಾಂತಿ ಎಂದುಕೊಂಡಿರಾ? ಮರುವರ್ಷವೇ ಲಂಡನ್ನಿನ ಓಲ್ಡ್ ವಿಕ್ ರಂಗಮಂದಿರದಲ್ಲಿ 'ಕಿಂಗ್ ಲಿಯರ್' ಆಗಿ ನಿಂತರು. ಮೂರು ಗಂಟೆ ಮೀರುವ ನಾಟಕ. ಮುಪ್ಪಿನ ದೊರೆಯ ಪಾತ್ರ. ಸುಮಾರು ಕಾಲು ಶತಮಾನದ ಬಳಿಕ ರಂಗವೇರಿದ್ದರು. 2018ರಲ್ಲಿ ಅಮೆರಿಕದ ಟೋನಿ ಪ್ರಶಸ್ತಿ ಬಂತು. 2019ರ 'ಎಲಿಜಬೆತ್ ಈಸ್ ಮಿಸ್ಸಿಂಗ್' ಟಿವಿ ಚಿತ್ರದಲ್ಲಿ ಮರೆವಿನ ಕಾಯಿಲೆಯ ಅಜ್ಜಿಯಾದರು. 2023ರಲ್ಲಿ, 87ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಅವರಿಗೆ ಹೆಸರಿತ್ತು, ನಮಗೇನಿದೆ ಎನ್ನುತ್ತೀರಾ? ಔಷಧದಂಗಡಿಯಲ್ಲಿ ನಿಂತಿದ್ದ ಹುಡುಗಿಗೆ ಯಾವ ಹೆಸರಿತ್ತು? ಮಕ್ಕಳ ಓದು, ಮದುವೆ ಎಂದು ನೀವು ಬದಿಗಿಟ್ಟ ಹೊಲಿಗೆಯೋ, ಬರಹವೋ, ಅರ್ಧಕ್ಕೆ ನಿಂತ ಪದವಿಯೋ ಇರಬಹುದು. ಈ ತಿಂಗಳೇ ಅದನ್ನು ಕೈಗೆತ್ತಿಕೊಳ್ಳಿ. ಮನೆಯಲ್ಲಿ ಅಮ್ಮ, ಅತ್ತೆ ಇದ್ದರೆ ಅವರನ್ನೊಮ್ಮೆ ಕೇಳಿ: "ನಿಮಗೆ ಏನು ಮಾಡಬೇಕೆಂಬ ಆಸೆಯಿತ್ತು?" ಬಹುಶಃ ಈ ಪ್ರಶ್ನೆಯನ್ನು ಅವರಿಗೆ ಈವರೆಗೆ ಯಾರೂ ಕೇಳಿರಲಿಕ್ಕಿಲ್ಲ.