ಅಂತರ್ಜಾಲದ ಕೃಷಿ ಪಾಠದಲ್ಲಿ ರೈತರು ಬಾಯಿ ತೆರೆಯತಕ್ಕದ್ದು

ರಾಯಚೂರಿನಲ್ಲಿ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯವು ೨೦೦೯ರಲ್ಲಿ ಸ್ಥಾಪಿತವಾಯಿತು. ವಿಜ್ಞಾನಿಗಳು ಜಿಲ್ಲೆಯಲ್ಲಿಯೇ ಇದ್ದರೂ, ದೇವದುರ್ಗ ಮತ್ತು ಮಾನ್ವಿಯ ಒಳಗಣ ಗ್ರಾಮಗಳಿಂದ ನಗರಕ್ಕೆ ಹೋಗಿಬರಲು ರೈತನ ಒಂದು ದಿನದ ಕೆಲಸ ಕೆಡುವುದು. ೨೦೨೦ನೆಯ ಇಸವಿಯ ಕೊರೋನಾ ಪಿಡುಗಿನ ತರುವಾಯ ಹೆಚ್ಚು ಬಳಕೆಗೆ ಬಂದಿರುವ ಅಂತರ್ಜಾಲದ ಪಾಠಗಳು ಈ ತೊಂದರೆಯನ್ನು ನೀಗಿಸಬಲ್ಲವು. ಆದರೆ ಪರದೆಯ ಮುಂದೆ ಹತ್ತಾರು ಮಂದಿ ಕುಳಿತಿದ್ದು ಒಬ್ಬರೂ ಮಾತನಾಡದೆ ಎದ್ದುಹೋದರೆ, ಅದರಿಂದ ಪ್ರಯೋಜನವೇನು?

ಹೊಲದ ಬದುವಿನಲ್ಲಿ ನಿಂತು ಬೋಧಿಸುವವನು ಕೇಳುವವರ ಮುಖವನ್ನು ನೋಡಿ, ತಿಳಿಯದಿದ್ದುದನ್ನು ಮತ್ತೊಮ್ಮೆ ಹೇಳುವನು. ಪರದೆಯ ಆಚೆ ಇರುವವನಿಗೆ ಆ ಅನುಕೂಲವಿಲ್ಲ. ಎಡದಂಡೆ ಕಾಲುವೆಯ ನೀರುಂಬುವ ಮಾನ್ವಿಯ ಗದ್ದೆಗೂ ದೇವದುರ್ಗದ ಖುಷ್ಕಿ ಹೊಲಕ್ಕೂ ಒಂದೇ ಉತ್ತರವು ಸಲ್ಲದು. ರೈತನು ಹೇಳಿದ ಹೊರತು ಆ ಭೇದವು ಬೋಧಕನಿಗೆ ತಿಳಿಯದು.

ಹತ್ತಿಯ ಗುಲಾಬಿ ಕಾಯಿಕೊರಕವನ್ನೇ ನೋಡಿರಿ. ಹುಳುವು ಒಳಗೆ ಅಡಗಿರುವುದರಿಂದ ಕಾಯಿಯು ಹೊರಗೆ ಚೆನ್ನಾಗಿಯೇ ಕಾಣುವುದು. ಪ್ರತಿ ಮೋಹಕ ಬಲೆಗೆ ಸತತವಾಗಿ ೩ ರಾತ್ರಿ, ರಾತ್ರಿಯೊಂದಕ್ಕೆ ೮ ಪತಂಗಗಳಂತೆ ಬಿದ್ದರೆ ಹತೋಟಿಗೆ ತೊಡಗಬೇಕೆಂಬುದು ನಿಯಮ. ಸುಮ್ಮನೆ ಕೇಳಿದವನಿಗೆ ಇದು ಬರಿಯ ಅಂಕಿ. ತನ್ನ ಬಲೆಯ ಎಣಿಕೆಯನ್ನು ಬರೆದು ತಂದು, ಸೀಳಿದ ಕಾಯಿಯನ್ನು ಮೊಬೈಲಿನ ಮುಂದೆ ಹಿಡಿದು, "ನಾನೀಗ ಏನು ಮಾಡಲಿ?" ಎಂದು ಕೇಳಿದವನಿಗಾದರೋ ಇದರಿಂದ ಬೆಳೆ ಉಳಿಯುವುದು.

ರೈತರ ಮೌನಕ್ಕೆ ಅಜ್ಞಾನವು ಕಾರಣವಲ್ಲ, ಸಂಕೋಚವೇ ಕಾರಣ. ಊರ ಹಿರಿಯರು ಕುಳಿತಲ್ಲಿ ಸಣ್ಣ ಹಿಡುವಳಿದಾರನೂ ಕೂಲಿಯ ಹೆಣ್ಣುಮಗಳೂ ತುಟಿ ಬಿಚ್ಚರು. ಆದರೆ ಹತ್ತಿ ಬಿಡಿಸುವ ಆಕೆಯ ಕಣ್ಣಿಗೇ ಎಷ್ಟೋ ಸಲ ಹುಳುವು ಮೊದಲು ಬೀಳುವುದು. ಆಕೆ ಸುಮ್ಮನಿದ್ದರೆ ನಷ್ಟವಾಗುವುದು ಹೊಲದ ಯಜಮಾನನಿಗೆ.

ಆದಕಾರಣ ಗೌಡರಲ್ಲಿಯೂ ಭೂಮಾಲೀಕರಲ್ಲಿಯೂ ನಮ್ಮ ವಿಜ್ಞಾಪನೆ ಇಷ್ಟು. ಪಾಠದ ಹಿಂದಿನ ದಿನವೇ ಪ್ರತಿ ಓಣಿಯಿಂದ ಒಂದು ಪ್ರಶ್ನೆಯನ್ನು ಬರೆಯಿಸಿ ತರಿಸಿರಿ. ರೋಗ ತಗುಲಿದ ಎಲೆ, ಕಾಯಿಗಳನ್ನು ಕೈಯಲ್ಲಿ ಹಿಡಿದು ಬರುವಂತೆ ತಿಳಿಸಿರಿ. ಮೊದಲು ಕೆಲಸ ಮಾಡುವವರು ಮಾತನಾಡಲಿ, ತಾವು ಕಡೆಯಲ್ಲಿ ಮಾತನಾಡಿರಿ. ಯಾರ ಪ್ರಶ್ನೆಗೂ ನಗಬೇಡಿರಿ, ಒಮ್ಮೆ ನಗೆಗೀಡಾದವನು ಎರಡನೆಯ ಸಲ ಕೇಳನು. ಬೋಧಕರು ಸಹ ಹತ್ತು ನಿಮಿಷಕ್ಕೊಮ್ಮೆ ನಿಲ್ಲಿಸಿ, ಗ್ರಾಮದ ಹೆಸರು ಹಿಡಿದು ವಿಚಾರಿಸಿ, ಉತ್ತರಕ್ಕೆ ತಾಳ್ಮೆಯಿಂದ ಕಾಯತಕ್ಕದ್ದು. ಕೊಟ್ಟ ಉತ್ತರವನ್ನು ಓದುಬಲ್ಲವರೊಬ್ಬರು ಬರೆದುಕೊಂಡು, ಪಾಠಕ್ಕೆ ಬಾರದವರಿಗೂ ಓದಿ ಹೇಳಲಿ.

ಬರುವ ಹಂಗಾಮಿನಿಂದಲೇ ಇದನ್ನು ಆಚರಣೆಗೆ ತಂದಲ್ಲಿ, ಪಾಠದ ಫಲವು ಹೊಲದಲ್ಲಿ ಕಾಣುವುದರಲ್ಲಿ ಸಂದೇಹವಿಲ್ಲ.