ಒಕ್ಕಣೆ ಯಂತ್ರವೂ ಆಳಿನ ಕೈಯೂ

ರಾಗಿಯ ಒಕ್ಕಣೆಯೆಂದರೆ ಕಣವನ್ನು ಸಾರಿಸಿ, ಮೇಟಿಯನ್ನು ನೆಟ್ಟು, ಎತ್ತುಗಳಿಂದ ರೋಣಗಲ್ಲನ್ನು ಎಳೆಯಿಸುತ್ತಿದ್ದ ಕಾಲವೊಂದಿದ್ದಿತು. ಆ ಕೆಲಸವು ನಿಧಾನವಾದುದಾಗಿದ್ದರೂ ಅದರಲ್ಲಿ ಕೈಬೆರಳುಗಳಿಗೆ ಅಪಾಯವೊದಗುತ್ತಿದ್ದುದು ವಿರಳ. ಈಗ ಟ್ರ್ಯಾಕ್ಟರಿನ ಬಲದಿಂದ ನಡೆಯುವ ಒಕ್ಕಣೆ ಯಂತ್ರವು ಹಲವು ದಿನಗಳ ಕೆಲಸವನ್ನು ಕೆಲವೇ ಗಂಟೆಗಳಲ್ಲಿ ಮುಗಿಸುತ್ತದೆ. ಕೃಷಿ ಯಂತ್ರಧಾರೆ ಕೇಂದ್ರಗಳು ಏರ್ಪಟ್ಟ ಮೇಲೆ, ಯಂತ್ರವನ್ನು ಕೊಳ್ಳಲಾರದ ರೈತನಿಗೂ ಅದು ಬಾಡಿಗೆಗೆ ದೊರೆಯುವಂತಾಗಿರುವುದು ಸಂತೋಷದ ಸಂಗತಿಯೇ ಸರಿ. ಆದರೆ ಯಂತ್ರವು ಬಂದಷ್ಟು ಬೇಗನೆ ಅದರ ತಿಳಿವಳಿಕೆಯು ಬಂದಿಲ್ಲವೆಂಬುದನ್ನು ಗ್ರಾಮದ ಮುಖಂಡರೂ ಜಮೀನುದಾರರೂ ಗಮನಿಸಬೇಕಾಗಿದೆ.

ಯಂತ್ರವನ್ನು ಕೊಳ್ಳುವಾಗ ತಿಳಿವಳಿಕೆ ಹೇಳುವುದು ಯಾರಿಗೆ? ಹಣ ಕೊಡುವ ಯಜಮಾನನಿಗೆ. ಹೆಚ್ಚೆಂದರೆ ಟ್ರ್ಯಾಕ್ಟರು ನಡೆಸುವವನಿಗೆ. ಯಂತ್ರದ ಬಾಯಿಗೆ ಕೈಯೊಡ್ಡಿ ಹೊರೆಯನ್ನು ಊಡುವವನು ಇವರಿಬ್ಬರಲ್ಲಿ ಒಬ್ಬನೂ ಅಲ್ಲ. ಅವನು ಆ ದಿನದ ಕೂಲಿಗೆ ಬಂದ ಆಳು. ಅನೇಕ ವೇಳೆ ಹೆಣ್ಣಾಳು. ಅವರಿಗೆ ದೊರೆಯುವ ಶಿಕ್ಷಣವೆಲ್ಲವೂ “ಜೋಪಾನ, ಕೈ ನೋಡಿಕೋ” ಎಂಬ ಒಂದು ಮಾತಿನಲ್ಲಿ ಮುಗಿಯುತ್ತದೆ. ಅಪಾಯವು ಯಾರ ಕೈಗೆ ಹತ್ತಿರವೋ ಅವರಿಗೇ ಶಿಕ್ಷಣವು ದೂರವಾಗಿರುವುದು ಈ ವಿಷಯದಲ್ಲಿನ ಮುಖ್ಯವಾದ ಲೋಪವು.

ಬರಿಯ ಎಚ್ಚರಿಕೆಯ ಮಾತು ಏಕೆ ಸಾಲದೆಂಬುದನ್ನು ಸ್ವಲ್ಪ ಲೆಕ್ಕದಿಂದ ತಿಳಿಯಬಹುದು. 60 ಸೆಂಟಿಮೀಟರು ವ್ಯಾಸವುಳ್ಳ ಉರುಳೆಯೊಂದು ನಿಮಿಷಕ್ಕೆ 600 ಸುತ್ತು ತಿರುಗಿದರೆ, ಅದರ ಅಂಚಿನ ಹಲ್ಲುಗಳು ಒಂದು ಸೆಕೆಂಡಿಗೆ ಸುಮಾರು 19 ಮೀಟರು ದೂರ ಚಲಿಸುತ್ತವೆ. ಅಪಾಯವನ್ನು ಕಂಡು ಕೈಯನ್ನು ಹಿಂದೆಗೆಯಲು ತೊಡಗುವುದಕ್ಕೆ ಮನುಷ್ಯನಿಗೆ ಸುಮಾರು ಕಾಲು ಸೆಕೆಂಡು ಬೇಕು. ಅಷ್ಟರೊಳಗೆ ಆ ಹಲ್ಲುಗಳು ನಾಲ್ಕು ಮೀಟರಿಗೂ ಮಿಗಿಲಾಗಿ ಓಡಿರುತ್ತವೆ. ಹೊರೆಯು ಸಿಕ್ಕಿಕೊಂಡೊಡನೆ ಅದನ್ನು ಹಿಡಿದ ಕೈಯೂ ಒಳಕ್ಕೆ ಸೆಳೆಯಲ್ಪಡುತ್ತದೆ. ಆದಕಾರಣ ಕೈಯು ಉರುಳೆಯನ್ನು ಮುಟ್ಟದಂತೆ ಯಂತ್ರವೇ ತಡೆಯಬೇಕು. ಆಳಿನ ಜಾಗರೂಕತೆಯು ಅದಕ್ಕೆ ಸಹಾಯಕವಾಗಬೇಕೇ ಹೊರತು ಅದರ ಸ್ಥಾನವನ್ನು ವಹಿಸಲಾರದು.

ಈ ತತ್ತ್ವವು ಹೊಸದಲ್ಲ. ಭಾರತೀಯ ಮಾನಕದ ಪ್ರಕಾರ ಒಕ್ಕಣೆ ಯಂತ್ರದ ಊಡುದೋಣಿಯು ಕನಿಷ್ಠ 90 ಸೆಂಟಿಮೀಟರು ಉದ್ದವಿದ್ದು, ಅದರಲ್ಲಿ ಉರುಳೆಯ ಕಡೆಯ 45 ಸೆಂಟಿಮೀಟರು ಮೇಲೆ ಮುಚ್ಚಿರತಕ್ಕದ್ದು. ಬೆಳೆದವನ ತೋಳು ಕಂಕುಳಿಂದ ಬೆರಳ ತುದಿಯವರೆಗೆ ಸಾಮಾನ್ಯವಾಗಿ ಇದಕ್ಕಿಂತ ಕಡಿಮೆಯಾದುದರಿಂದ, ದೋಣಿಯ ಹೊರತುದಿಯಲ್ಲಿ ನಿಂತವನ ಕೈಯು ಉರುಳೆಯನ್ನು ತಲುಪದು. 1983ರ ಅಪಾಯಕಾರಿ ಯಂತ್ರಗಳ ನಿಯಂತ್ರಣ ಶಾಸನವು ಒಕ್ಕಣೆ ಯಂತ್ರಗಳನ್ನು ಮಾಡುವವರ ಮೇಲೆಯೂ ಬಳಸುವವರ ಮೇಲೆಯೂ ಕರ್ತವ್ಯಗಳನ್ನು ವಿಧಿಸಿತು. ಮೇವು ಕತ್ತರಿಸುವ ಯಂತ್ರದ ವಿಷಯದಲ್ಲಿ ದೆಹಲಿಯ ಐ.ಐ.ಟಿ.ಯ ದಿನೇಶ್ ಮೋಹನ್ ಮತ್ತು ಅವರ ಸಹೋದ್ಯೋಗಿಗಳು ಉತ್ತರ ಭಾರತದ ಗ್ರಾಮಗಳಲ್ಲಿ ಪರಿಶೀಲನೆ ನಡೆಸಿ, ಅಲಗಿಗೆ ತಡೆಯನ್ನೂ, ಕೈಯು ಒಳಹೋಗುವುದಕ್ಕೆ ಮೊದಲೇ ಅದಕ್ಕೆ ತಗುಲಿ ಎಚ್ಚರಿಸುವ ಚಿಕ್ಕ ಉರುಳೆಯನ್ನೂ ಸೂಚಿಸಿದರು. ಇವಾವುವೂ ಬಹಳ ಹಣದ ಏರ್ಪಾಡುಗಳಲ್ಲ.

ಆದರೂ ಕೆಲಸವು ಬೇಗ ಸಾಗಲೆಂದು ದೋಣಿಯ ಮುಚ್ಚಳವನ್ನು ಕಿತ್ತಿಡುವ ಪದ್ಧತಿಯೊಂದುಂಟು. ಮುಚ್ಚಳವಿದ್ದರೆ ದೊಡ್ಡ ಹೊರೆಯು ಹಿಡಿಸದೆಂಬುದು ನಿಜವೇ; ಗಂಟೆಯ ಲೆಕ್ಕದಲ್ಲಿ ಬಾಡಿಗೆ ಕೊಡುವವನಿಗೆ ಅದು ನಷ್ಟವಾಗಿ ತೋರುವುದೂ ಸಹಜವೇ. ಆದರೆ ಇನ್ನೊಂದು ಪಕ್ಕದ ಲೆಕ್ಕವನ್ನೂ ಹಾಕಬೇಕು. ಕಾರ್ಮಿಕರ ಪರಿಹಾರಕ್ಕೆ ಸಂಬಂಧಿಸಿದ ಕಾನೂನಿನ ಪಟ್ಟಿಯು, ಹೆಬ್ಬೆರಳು ಪೂರ್ತಿ ಹೋದರೆ ದುಡಿಯುವ ಶಕ್ತಿಯಲ್ಲಿ ನೂರಕ್ಕೆ 30 ಭಾಗವೂ, ಒಂದು ಕೈಯ ನಾಲ್ಕು ಬೆರಳುಗಳು ಹೋದರೆ 50 ಭಾಗವೂ ನಷ್ಟವಾಯಿತೆಂದು ಎಣಿಸುತ್ತದೆ. ಕುಡುಗೋಲು ಹಿಡಿದೇ ಜೀವಿಸುವವನ ಮನೆಯಲ್ಲಿ ಆ ನಷ್ಟವು ಪಟ್ಟಿಯ ಅಂಕಿಗಿಂತಲೂ ದೊಡ್ಡದು. ಅರ್ಧ ಗಂಟೆಯ ಬಾಡಿಗೆಯನ್ನುಳಿಸಿ ಒಂದು ಸಂಸಾರದ ಅನ್ನವನ್ನು ಕಳೆಯುವುದು ಯಾವ ಬೇಸಾಯಗಾರನಿಗೂ ಒಪ್ಪುವ ವ್ಯಾಪಾರವಲ್ಲ.

ಹಾಗಾದರೆ ತಕ್ಕ ಶಿಕ್ಷಣವೆಂದರೇನು? ಅದು ಸುಗ್ಗಿಗೆ ಮೊದಲು, ಯಂತ್ರದ ಎದುರಿನಲ್ಲಿಯೇ, ಊಡುವ ಆಳುಗಳಿಗೇ ನಡೆಯತಕ್ಕದ್ದು. ಮೊದಲು ಟ್ರ್ಯಾಕ್ಟರನ್ನು ನಿಲ್ಲಿಸಿ, ಕೀಲಿಯನ್ನು ಯಜಮಾನನು ತನ್ನ ಜೇಬಿನಲ್ಲಿಟ್ಟುಕೊಂಡು, ಯಂತ್ರದ ಸಂಬಂಧವನ್ನು ಬಿಡಿಸಬೇಕು. ಉರುಳೆಯು ಪೂರ್ತಿ ನಿಂತ ಬಳಿಕ ಪ್ರತಿಯೊಬ್ಬ ಆಳೂ ದೋಣಿಯ ಹೊರತುದಿಯಲ್ಲಿ ನಿಂತು, ತೋಳನ್ನು ಎಷ್ಟು ಚಾಚಿದರೂ ಬೆರಳು ಉರುಳೆಯನ್ನು ಮುಟ್ಟದೆಂಬುದನ್ನು ಪರೀಕ್ಷಿಸಿ ನೋಡಬೇಕು. ಮುಟ್ಟಿದರೆ ಆ ಯಂತ್ರವು ಕಣಕ್ಕೆ ಅಯೋಗ್ಯವೆಂದು ತಿಳಿಯಬೇಕು. ಈ ಪರೀಕ್ಷೆಯು ಹತ್ತು ಉಪನ್ಯಾಸಗಳಿಗಿಂತ ಹೆಚ್ಚು ಕಲಿಸುತ್ತದೆ. ಯಜಮಾನನ ಯಂತ್ರದ ದೋಷವನ್ನೂ ಅದೇ ಬಯಲಿಗೆ ತರುತ್ತದೆ.

ತರುವಾಯ ಕೆಲವು ನಿಯಮಗಳನ್ನು ಮಾಡಿ ತೋರಿಸಬೇಕು. ಸೆರಗು, ವಲ್ಲಿ, ಸಡಿಲವಾದ ತೋಳುಗಳನ್ನು ಬಿಗಿದು ಕಟ್ಟುವುದು. ಬಳೆ, ಕಡಗಗಳನ್ನು ತೆಗೆದಿಡುವುದು. ಕೈಚೀಲವು ರಕ್ಷಣೆಯೆಂದು ಭಾವಿಸಿ ತಿರುಗುವ ಯಂತ್ರದ ಬಳಿ ಧರಿಸದಿರುವುದು. ಅದು ಸಿಕ್ಕಿಕೊಂಡರೆ ಕೈಯನ್ನೂ ಎಳೆದೊಯ್ಯುತ್ತದೆ. ಹಸಿಯಾದ ಹೊರೆಯನ್ನು ಊಡದಿರುವುದು. ಯಂತ್ರವು ಕಟ್ಟಿಕೊಂಡರೆ ಎಂಜಿನನ್ನು ನಿಲ್ಲಿಸಿ, ಉರುಳೆಯು ತಾನಾಗಿ ನಿಲ್ಲುವವರೆಗೆ ಕಾದು, ಆಮೇಲೆಯೇ ಬಿಡಿಸುವುದು. ದಣಿದವನನ್ನೂ ಕುಡಿದವನನ್ನೂ ಮಕ್ಕಳನ್ನೂ ಬಾಯಿಯ ಬಳಿ ನಿಲ್ಲಿಸದಿರುವುದು. ಆಲೆಮನೆಯ ಗಾಣದಲ್ಲಿ ಕಬ್ಬು ಕೊಡುವವರಿಗೂ ಈ ನಿಯಮಗಳೇ ಸಲ್ಲುತ್ತವೆ.

ಇಷ್ಟಾದರೂ ಅಪಾಯವೊದಗಿದಲ್ಲಿ ಮಾಡತಕ್ಕದ್ದನ್ನೂ ಮೊದಲೇ ಕಲಿಸಿರಬೇಕು. ಗಾಯವನ್ನು ಶುದ್ಧವಾದ ಬಟ್ಟೆಯಿಂದ ಒತ್ತಿಹಿಡಿದು ಕೈಯನ್ನು ಮೇಲೆತ್ತಿರಬೇಕು. ಅರಿಸಿನ, ಕಾಫಿಪುಡಿಗಳನ್ನು ತುಂಬಬಾರದು. ತುಂಡಾದ ಬೆರಳನ್ನು ಶುದ್ಧವಾದ ನೀರಿನಿಂದ ತೊಳೆದು, ಒದ್ದೆಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಆ ಚೀಲವನ್ನು ಮಂಜುಗಡ್ಡೆ ಹಾಕಿದ ನೀರಿನಲ್ಲಿಟ್ಟು ಗಾಯಾಳುವಿನ ಸಂಗಡಲೇ ಕಳುಹಿಸಬೇಕು. ಬೆರಳು ಮಂಜುಗಡ್ಡೆಗೆ ನೇರವಾಗಿ ತಗುಲಬಾರದು. 108ಕ್ಕೆ ಕರೆ ಮಾಡುವುದರಲ್ಲಿ ವಿಳಂಬವು ಸಲ್ಲದು.

ಇದಕ್ಕೆಲ್ಲ ಬೇಕಾಗುವುದು ಸುಗ್ಗಿಗೆ ಮುಂಚೆ ಒಂದು ಬೆಳಗಿನ ಹೊತ್ತು. ಗ್ರಾಮದ ಮುಖಂಡರು ಊರಿನ ಯಂತ್ರಗಳನ್ನೂ ಬಾಡಿಗೆಗೆ ಬರುವ ಯಂತ್ರಗಳನ್ನೂ ಒಂದು ಕಡೆ ತರಿಸಿ ಅಳೆಯಿಸಲಿ. ಜಮೀನುದಾರರು ಆ ದಿನದ ಕೂಲಿಯನ್ನು ಕೊಟ್ಟು ಆಳುಗಳನ್ನು ಕರೆತರಲಿ. ಕೂಲಿಯಿಲ್ಲದೆ ಕಲಿಯಲು ಬರಲಿಲ್ಲವೆಂದು ಆಳನ್ನು ದೂರುವುದು ನ್ಯಾಯವಲ್ಲ. ಮಳೆಗೆ ಮುಂಚೆ ನೇಗಿಲನ್ನು ಸರಿಪಡಿಸಿಕೊಳ್ಳುವುದು ಹೇಗೆ ವಾಡಿಕೆಯೋ, ಒಕ್ಕಣೆಗೆ ಮುಂಚೆ ದೋಣಿಯನ್ನಳೆದು ಆಳಿಗೆ ಕಲಿಸುವುದೂ ಹಾಗೆಯೇ ವಾಡಿಕೆಯಾಗಬೇಕು. ಕಣದಲ್ಲಿ ರಾಶಿಯನ್ನು ಪೂಜಿಸುವ ದಿನ, ಆ ರಾಶಿಯನ್ನು ಕೂಡಿಸಿದ ಕೈಗಳೆಲ್ಲವೂ ಹತ್ತು ಬೆರಳುಗಳೊಡನೆ ಮನೆಗೆ ಹಿಂದಿರುಗಿದರೆ ಮಾತ್ರ ಸುಗ್ಗಿಯು ಸಫಲವಾಯಿತೆನ್ನಬಹುದು.