ಶೆಡ್ಡಿನ ಬಾಗಿಲು ಹುಡುಗರಿಗೆ ತೆರೆಯಲಿ

ಧಾರವಾಡದ ಲಕಮನಹಳ್ಳಿಯ ಬಿಆರ್‌ಟಿಎಸ್ ಬಸ್ ನಿಲ್ದಾಣದಲ್ಲಿಳಿದು ಕೈಗಾರಿಕಾ ಪ್ರದೇಶದ ಒಳರಸ್ತೆಗೆ ಹೊರಳಿದೆ. ಒಂದು ಸಣ್ಣ ಶೆಡ್ಡಿನಲ್ಲಿ ಬೆಳಿಗ್ಗೆಯಿಂದ ಮೋಟರ್ ನಿಂತುಹೋಗಿ ಐದಾರು ಮಂದಿ ಕೈಕಟ್ಟಿ ಕುಳಿತಿದ್ದರು. ಮಧ್ಯಾಹ್ನ ಎಲೆಕ್ಟ್ರಿಷಿಯನ್ ಬಂದರು, ಐವತ್ತು ದಾಟಿದವರು. ಮೊದಲು ಮೇನ್ ಆಫ್ ಮಾಡಿದರು, ಟೆಸ್ಟರ್ ಹಚ್ಚಿ ನೋಡಿದರು, ಆಮೇಲಷ್ಟೇ ಪ್ಯಾನಲ್ಲಿಗೆ ಕೈ ಹಾಕಿದರು. ಅರ್ಧ ತಾಸಿಗೆ ಮೋಟರ್ ತಿರುಗಿತು.

“ನಿಮ್ಮ ಕೈಕೆಳಗ ಹುಡುಗ್ರು ಇಲ್ಲೇನ್ರೀ?” ಎಂದು ಕೇಳಿದೆ.

“ಬರತಾರ್ರೀ, ಆರು ತಿಂಗಳಿದ್ದು ಹೊಕ್ಕಾರ. ಐಟಿಐ ಮುಗಿಸಿದವ್ರಿಗೆ ಪ್ಯಾನಲ್ ಮುಟ್ಟಾಕ ಅಂಜಿಕಿ. ಕೆಲಸ ಬಲ್ಲವ್ರ ಕೈಯಾಗ ಸರ್ಟಿಫಿಕೇಟ್ ಇಲ್ಲ” ಎಂದರು.

ಈ ವೃತ್ತಿಯ ನಾಳೆ ಏನಾದೀತು ಎಂಬ ಪ್ರಶ್ನೆಯೆಲ್ಲ ಆ ಎರಡು ಮಾತಿನಲ್ಲಿದೆ. ಕೆಲಸಕ್ಕಂತೂ ಬರ ಬರುವುದಿಲ್ಲ. 2024ರ ಫೆಬ್ರುವರಿಯಲ್ಲಿ ಆರಂಭವಾದ ಪಿಎಂ ಸೂರ್ಯಘರ್ ಯೋಜನೆ ದೇಶದ 1 ಕೋಟಿ ಮನೆಗಳ ಮೇಲೆ ಸೌರ ಫಲಕ ಕೂರಿಸಲು ಹೊರಟಿದೆ. 3 ಕಿಲೋವಾಟ್ ಘಟಕಕ್ಕೆ 78,000 ರೂಪಾಯಿ ಸಹಾಯಧನವಿದೆ. ನಮ್ಮ ಧಾರವಾಡದ ಟಾಟಾ ಬಸ್ ಕಾರ್ಖಾನೆಯಲ್ಲಿ ವಿದ್ಯುತ್ ಬಸ್ಸುಗಳೇ ತಯಾರಾಗುತ್ತಿವೆ. ಬಸ್ಸಿಗೂ ಕಾರಿಗೂ ಸ್ಕೂಟರಿಗೂ ಚಾರ್ಜರ್ ಬೇಕು, ಆ ಚಾರ್ಜರಿಗೆ ಸರಿಯಾದ ಅರ್ಥಿಂಗ್ ಬೇಕು, ಅದನ್ನು ಮಾಡಲು ಬಲ್ಲ ಕೈ ಬೇಕು.

ಕೆಲಸ ಹೆಚ್ಚುವುದರ ಜೊತೆಗೆ ಅದರ ಸ್ವಭಾವವೂ ಬದಲಾಗುತ್ತಿದೆ. ಮನೆಯ ಎಸಿ ಕರೆಂಟು 50 ಹರ್ಟ್ಜ್‌ನದು, ಸೆಕೆಂಡಿಗೆ 100 ಸಲ ಸೊನ್ನೆಗೆ ಇಳಿಯುತ್ತದೆ. ಹಾಗಾಗಿ ಸಂಪರ್ಕ ಬಿಡಿಸುವಾಗ ಹೊತ್ತುವ ಕಿಡಿ ಆರಿಹೋಗಲು ಎಡೆಯುಂಟು. ಸೌರ ಫಲಕದ ಡಿಸಿ ಕರೆಂಟಿಗೆ ಆ ಬಿಡುವಿಲ್ಲ. ಅದರ ಕಿಡಿ ಉರಿಯುತ್ತಲೇ ಇದ್ದು ಬೆಂಕಿಯಾಗಬಲ್ಲದು. ಇನ್ನೂ ಮುಖ್ಯವಾದದ್ದು: ಕೆಳಗೆ ಮೇನ್ ಆಫ್ ಮಾಡಿದರೂ ಬಿಸಿಲಿರುವ ತನಕ ಮಾಳಿಗೆಯ ಮೇಲಿನ ಫಲಕ ವಿದ್ಯುತ್ ಹುಟ್ಟಿಸುತ್ತಲೇ ಇರುತ್ತದೆ. ಆ ಹಿರಿಯರು ಮೂವತ್ತು ವರ್ಷ ಪಾಲಿಸಿದ ಮೊದಲ ನಿಯಮವೊಂದೇ ಅಲ್ಲಿ ಅವರನ್ನು ಕಾಯಲಾರದು. ಹೊಸದನ್ನು ಅವರಿಗೆ ಯಾರಾದರೂ ಕಲಿಸಬೇಕು. ಅವರ ಕೈಗುಣವನ್ನು ಹುಡುಗರು ಅವರಿಂದ ಕಲಿಯಬೇಕು.

ಆದರೆ ಕಲಿತ ಕೈಗೆ ನಾವು ಕೊಡುವ ಬೆಲೆ ಎಷ್ಟು? 2024ರಲ್ಲಿ ಕೆಪಿಟಿಸಿಎಲ್ ತನಗೂ ವಿತರಣಾ ಕಂಪನಿಗಳಿಗೂ ಸೇರಿ 2,975 ಕಿರಿಯ ಸ್ಟೇಷನ್ ಪರಿಚಾರಕ ಮತ್ತು ಕಿರಿಯ ಪವರ್‌ಮ್ಯಾನ್ ಹುದ್ದೆಗಳಿಗೆ ಅರ್ಜಿ ಕರೆಯಿತು. ಕೇಳಿದ ವಿದ್ಯಾರ್ಹತೆ ಎಸ್ಸೆಸ್ಸೆಲ್ಸಿ; ಜೊತೆಗೆ ಕಂಬ ಹತ್ತುವ ಪರೀಕ್ಷೆ. ಹಳ್ಳಿಯ ಬಡ ಮಕ್ಕಳಿಗೆ ಸರ್ಕಾರಿ ನೌಕರಿಯ ಬಾಗಿಲು ತೆರೆದಿರಲಿ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಎರಡು ವರ್ಷ ಎಲೆಕ್ಟ್ರಿಷಿಯನ್ ಟ್ರೇಡ್ ಓದಿದ ಹುಡುಗನಿಗೆ ಅಲ್ಲಿ ಆ ಓದು ಲೆಕ್ಕಕ್ಕೆ ಬರುವುದಿಲ್ಲ ಎಂದಾದರೆ, ಯಾವ ತಾಯಿ ತಂದೆ ಮಗನನ್ನೋ ಮಗಳನ್ನೋ ಐಟಿಐಗೆ ಹುರುಪಿನಿಂದ ಕಳಿಸಿಯಾರು?

ದಾರಿ ಇಲ್ಲದಿಲ್ಲ. 1961ರ ಅಪ್ರೆಂಟಿಸ್ ಕಾಯ್ದೆಯ ನಿಯಮದಂತೆ 30 ಅಥವಾ ಹೆಚ್ಚು ಕೆಲಸಗಾರರಿರುವ ಉದ್ದಿಮೆಗಳು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. 4ರಿಂದ 29 ಮಂದಿ ಇರುವಲ್ಲಿ ಅದು ಮಾಲೀಕರ ಇಚ್ಛೆ. ಲಕಮನಹಳ್ಳಿಯ ಸಣ್ಣ ಶೆಡ್ಡುಗಳು ಈ ಇಚ್ಛೆಯ ಗುಂಪಿನವು. ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಉತ್ತೇಜನ ಯೋಜನೆಯಲ್ಲಿ ಭತ್ಯೆಯ ಶೇ 25ರಷ್ಟನ್ನು, ತಿಂಗಳಿಗೆ 1,500 ರೂಪಾಯಿವರೆಗೆ, ಕೇಂದ್ರ ಸರ್ಕಾರವೇ ಭರಿಸುತ್ತದೆ. ಒಂದು ಶೆಡ್ಡಿಗೆ ವರ್ಷವಿಡೀ ಒಬ್ಬನನ್ನು ಸಾಕುವುದು ಭಾರವಾದೀತು. ನಾಲ್ಕೈದು ಶೆಡ್ಡುಗಳ ಮಾಲೀಕರು ಕೂಡಿ, ಕರಾರನ್ನು ಒಬ್ಬರ ಹೆಸರಿಗೆ ಮಾಡಿಕೊಂಡು, ಉಳಿದ ಖರ್ಚು ಹಂಚಿಕೊಳ್ಳಬಹುದಲ್ಲ? ಈ ಹೆಜ್ಜೆಯನ್ನು ಅವರ ಸಂಘವೇ ಮೊದಲು ಇಡಲಿ. ಕೆಲಸ ಬಲ್ಲ ಹಿರಿಯರಿಗೆ ಅನುಭವದ ಆಧಾರದ ಮೇಲೆ ಪ್ರಮಾಣಪತ್ರ ಕೊಡಿಸುವ ಶಿಬಿರಗಳು ಊರೂರಲ್ಲಿ ನಡೆಯಲಿ. ಸೌರ ಫಲಕದ ಪಾಠವೂ ಅಲ್ಲೇ ಆಗಲಿ.

ನಮ್ಮ ಪಾಲಿನ ಕರ್ತವ್ಯವೂ ಇದೆ. ಮನೆ ಕಟ್ಟಿಸುವಾಗ ಟೈಲ್ಸ್‌ಗೆ ಲಕ್ಷ ಸುರಿದು, “ಅರ್ಥಿಂಗ್ ಆಮ್ಯಾಲ ನೋಡೂಣು ಬಿಡ್ರಿ” ಎನ್ನುವವರು ನಾವೇ. ವಿದ್ಯುತ್ ಪರಿವೀಕ್ಷಣಾಲಯದ ವೈರ್‌ಮನ್ ಪರ್ಮಿಟ್ ಇದೆಯೇ ಎಂದು ಕೇಳೋಣ. ಇದ್ದವರಿಗೆ ಚೌಕಾಸಿ ಮಾಡದೆ ಕೂಲಿ ಕೊಡೋಣ. ಪರ್ಮಿಟ್ಟಿಗೆ ಬೆಲೆಯಿದೆ ಎಂದು ಗೊತ್ತಾದ ದಿನ ಹುಡುಗರು ತಾವಾಗಿ ಅದನ್ನು ಅರಸಿ ಹೋಗುತ್ತಾರೆ.

ಶೆಡ್ಡಿನಿಂದ ಹೊರಡುವಾಗ ಆ ಹಿರಿಯರು ತಮ್ಮ ಟೂಲ್ ಚೀಲವನ್ನು ತಾವೇ ಹೆಗಲಿಗೆ ಹಾಕಿಕೊಂಡರು. ಅವರ ಪಕ್ಕದಲ್ಲಿ ಆ ಚೀಲ ಹೊರುವ ಒಬ್ಬ ಹುಡುಗನೋ ಹುಡುಗಿಯೋ ಇರಬೇಕಿತ್ತು. ಹೊರುವುದಕ್ಕಷ್ಟೇ ಅಲ್ಲ, ಪ್ಯಾನಲ್ ಬಾಗಿಲು ತೆಗೆಯುವ ಮುನ್ನ ಆ ಕೈ ಒಂದು ಗಳಿಗೆ ಯಾಕೆ ತಡೆಯುತ್ತದೆ ಎಂದು ಹತ್ತಿರ ನಿಂತು ನೋಡುವುದಕ್ಕೆ.